ಕಾರವಾರವೋ, ಶಿರಸಿಯೋ? ಊರಿನ ಬೆಳವಣಿಗೆಯನ್ನು ಯಾವುದರಿಂದ ಅಳೆಯಬೇಕು

ಪ್ರಶ್ನೆ: “ನಾನು ಕಾರವಾರದ ಪಕ್ಕದ ಸದಾಶಿವಗಡದವನು. ಹೆಂಡತಿಯ ತವರು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾದಾಗಿನಿಂದ ಬೆಂಗಳೂರಿನಲ್ಲಿದ್ದೇವೆ. ಇಬ್ಬರದೂ ಸಾಫ್ಟ್‌ವೇರ್ ಕೆಲಸ, ಮನೆಯಿಂದಲೇ ಕೆಲಸ ಮಾಡಲು ಕಂಪನಿಗಳು ಒಪ್ಪಿವೆ. ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಳೆ. ಅಪ್ಪ–ಅಮ್ಮನಿಗೆ ಎಪ್ಪತ್ತು ದಾಟಿದೆ, ಅಪ್ಪನಿಗೆ ಹೃದಯದ ತೊಂದರೆ ಇದೆ. ಊರಿಗೆ ಮರಳಿ ಒಂದು ಮನೆ ಕಟ್ಟಿಕೊಳ್ಳಬೇಕೆಂದಿದ್ದೇವೆ. ನೌಕಾನೆಲೆ ಇರುವುದರಿಂದ ಕಾರವಾರ ಹತ್ತು ವರ್ಷದಲ್ಲಿ ಗೋವಾದಂತಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಶಿರಸಿಯಲ್ಲಿ ದುಡ್ಡಿದೆ, ನಾಳೆ ಜಿಲ್ಲಾಕೇಂದ್ರವೂ ಆಗಬಹುದು ಎನ್ನುವವರಿದ್ದಾರೆ. ಎರಡೂ ಊರು ನಿಂತ ನೀರು, ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಸೈಟು ತೆಗೆದುಕೊಳ್ಳಿ ಎನ್ನುವುದು ನನ್ನ ಮಾವನವರ ಸಲಹೆ. ನಿಜವಾಗಿ ಬೆಳೆಯುತ್ತಿರುವ ಊರು ಯಾವುದು? ಹುಬ್ಬಳ್ಳಿ–ಅಂಕೋಲಾ ರೈಲು, ಅಂಕೋಲಾದ ವಿಮಾನ ನಿಲ್ದಾಣ ಬರುವುದರೊಳಗೆ ಕೊಂಡುಬಿಡುವುದು ಒಳ್ಳೆಯದೇ?”

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಯಾವ ಊರು ಬೆಳೆಯುತ್ತಿದೆ ಎಂಬುದು ಮೊದಲನೆಯದು, ಯಾವ ಊರಿನಲ್ಲಿ ನಿಮ್ಮ ಮನೆಯ ಮೂರು ತಲೆಮಾರು ನೆಮ್ಮದಿಯಾಗಿ ಬದುಕಬಹುದು ಎಂಬುದು ಎರಡನೆಯದು. ಸೈಟು ಮಾರುವವರು ಈ ಎರಡನ್ನೂ ಒಂದೇ ಎಂಬಂತೆ ಮಾತನಾಡುತ್ತಾರೆ. ಜಿಲ್ಲೆಯ ಪಟ್ಟಣಗಳ ಬಡಾವಣೆ ನಕ್ಷೆಗಳನ್ನು ಪರಿಶೀಲಿಸುವ ಕೆಲಸದಲ್ಲಿ ಬಹುಕಾಲ ಕಳೆದವನಾಗಿ ನಾನು ಕಂಡಿರುವುದೇನೆಂದರೆ, ಮರಳಿ ಬಂದವರು ಪೇಚಿಗೆ ಸಿಲುಕುವುದು ಹೆಚ್ಚಾಗಿ ಮೊದಲನೆಯ ಪ್ರಶ್ನೆಯ ಉತ್ತರವನ್ನೇ ಎರಡನೆಯದರ ಉತ್ತರವೆಂದು ನಂಬಿದಾಗ. ಆದ್ದರಿಂದ ಇವೆರಡನ್ನೂ ಬಿಡಿಸಿಯೇ ನೋಡೋಣ.

ಮೊದಲು ಅಂಕಿಗಳು. 2001ರಿಂದ 2011ರವರೆಗೆ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಹೆಚ್ಚಿತು. ಇದೇ ಅವಧಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 13,53,644ರಿಂದ 14,37,169ಕ್ಕೆ, ಅಂದರೆ ಶೇ. 6ರಷ್ಟು ಮಾತ್ರ ಏರಿತು. ‘ನಿಂತ ನೀರು’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಆದರೆ ಅದೇ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಬೆಳವಣಿಗೆ ಶೇ. 5.9 ಮಾತ್ರ, ಶಿವಮೊಗ್ಗ ಜಿಲ್ಲೆಯದು ಶೇ. 6.7, ಚಿಕ್ಕಮಗಳೂರಿನ ಜನಸಂಖ್ಯೆಯಂತೂ ತುಸು ಇಳಿಯಿತು. ಬೆಂಗಳೂರು ನಗರ ಜಿಲ್ಲೆ ಶೇ. 47ರಷ್ಟು ಏರಿ ಎಲ್ಲರಿಗಿಂತ ಮುಂದಿದ್ದರೆ, ಹೆಚ್ಚು ಬೆಳವಣಿಗೆ ಕಂಡ ಜಿಲ್ಲೆಗಳ ಸಾಲಿನಲ್ಲಿ ಅದರ ಜೊತೆಗೇ ಕಾಣಿಸಿಕೊಂಡದ್ದು ಶೇ. 22ಕ್ಕೂ ಹೆಚ್ಚು ಏರಿದ ಯಾದಗಿರಿ. ಜನಸಂಖ್ಯೆಯ ಏರಿಕೆಯೇ ಊರಿನ ಆಕರ್ಷಣೆಯ ಅಳತೆಯಾಗಿದ್ದರೆ ಉದ್ಯೋಗ ಅರಸುವವರು ಮಣಿಪಾಲವನ್ನು ಬಿಟ್ಟು ಯಾದಗಿರಿಗೆ ಹೋಗುತ್ತಿರಬೇಕಾಗಿತ್ತು. ಯಾದಗಿರಿಯ ಏರಿಕೆಗೆ ಜನನ ಪ್ರಮಾಣವೇ ಮುಖ್ಯ ಕಾರಣ. ಕರಾವಳಿ ಮತ್ತು ಮಲೆನಾಡಿನಲ್ಲಿ ಜನನ ಪ್ರಮಾಣ ಬಹಳ ಹಿಂದೆಯೇ ಇಳಿದಿದೆ, ಓದಿದ ಮಕ್ಕಳು ಹೊರಗೆ ಹೋಗುತ್ತಾರೆ, ಹಾಗಾಗಿ ಆದಾಯ ಮತ್ತು ಶಿಕ್ಷಣ ಎರಡರಲ್ಲೂ ಮುಂದಿರುವ ಜಿಲ್ಲೆಗಳೇ ಜನಗಣತಿಯಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತವೆ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಈ ಅಂಕಿಗಳು 2011ರವು. ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ನಡುವಿನ ಕಾಲದಲ್ಲಿ ನಮ್ಮ ಪಟ್ಟಣಗಳು ಬೆಳೆದದ್ದು ನಗರಸಭೆಯ ಗಡಿಯೊಳಗಲ್ಲ, ಗಡಿಯ ಆಚೆ. ಕಾರವಾರದ ಹೊಸ ಮನೆಗಳಲ್ಲಿ ಬಹುಪಾಲು ನಿಮ್ಮದೇ ಸದಾಶಿವಗಡದ ಚಿತ್ತಾಕುಲದಂತಹ ಗ್ರಾಮ ಪಂಚಾಯಿತಿಗಳಲ್ಲಿ ಎದ್ದಿವೆ. ಶಿರಸಿಯಲ್ಲಿ ಹುಬ್ಬಳ್ಳಿ ರಸ್ತೆ, ಬನವಾಸಿ ರಸ್ತೆ, ಯಲ್ಲಾಪುರ ರಸ್ತೆಗಳ ಎರಡೂ ಬದಿಗೆ ಊರು ಚಾಚಿಕೊಂಡಿದೆ. ಪಂಚಾಯಿತಿ ವ್ಯಾಪ್ತಿಯ ಮನೆ ಲೆಕ್ಕಕ್ಕೆ ‘ಗ್ರಾಮೀಣ’. ಜಿಲ್ಲೆಯ ನಗರವಾಸಿಗಳ ಪ್ರಮಾಣ ಶೇ. 29, ರಾಜ್ಯದ್ದು ಶೇ. 38ಕ್ಕಿಂತ ಹೆಚ್ಚು ಎಂದು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಜನಸಂಖ್ಯೆಯಿಂದ ಅಳೆಯಲಾಗದಿದ್ದರೆ ಮತ್ತೆ ಯಾವುದರಿಂದ ಅಳೆಯಬೇಕು? ಸಣ್ಣ ಊರುಗಳ ವಿಷಯದಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ: ಈ ಊರಿಗೆ ಹಣ ಎಲ್ಲಿಂದ ಬರುತ್ತದೆ, ಆ ಹಣ ನಿಲ್ಲುವ ಅಥವಾ ಹೆಚ್ಚುವ ನಿರ್ಧಾರ ಯಾರ ಕೈಯಲ್ಲಿದೆ? ಕಾರವಾರ ಮತ್ತು ಶಿರಸಿಗಳು ಹೆಚ್ಚುಕಡಿಮೆ ಒಂದೇ ಗಾತ್ರದ, ಒಂದೇ ಜಿಲ್ಲೆಯ, 120 ಕಿ.ಮೀ. ಆಸುಪಾಸಿನ ಅಂತರದ ಊರುಗಳಾದರೂ ಈ ಪ್ರಶ್ನೆಗೆ ಕೊಡುವ ಉತ್ತರ ಪೂರ್ತಿ ಬೇರೆ.

ಕಾರವಾರಕ್ಕೆ ಹಣ ಬರುವುದು ಸಂಬಳದ ರೂಪದಲ್ಲಿ. ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಕಾಲೇಜು, ಬೈತಖೋಲ ಬಂದರು, ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ, ಕೈಗಾ ಅಣು ವಿದ್ಯುತ್ ಸ್ಥಾವರ, ಎಲ್ಲಕ್ಕಿಂತ ದೊಡ್ಡದಾಗಿ ಸೀಬರ್ಡ್ ನೌಕಾನೆಲೆ. ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, ಅಲ್ಲಿನ ನೆಲೆ ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿತು, ಈಗ ಎರಡನೆಯ ಹಂತದ ಕಾಮಗಾರಿ ನಡೆದಿದೆ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ, ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳ ಯೋಜನೆ ಇದೆ. ಇಷ್ಟೆಲ್ಲ ಇದ್ದರೂ ಗ್ರೀನ್ ಸ್ಟ್ರೀಟ್, ಕಾಜುಬಾಗ, ಹಬ್ಬುವಾಡಗಳಲ್ಲಿ ಓಡಾಡಿದರೆ ಇಂತಹ ಎರಡು ಬೃಹತ್ ಯೋಜನೆಗಳ ಪಕ್ಕದಲ್ಲಿರುವ ಊರು ಇದೆಂದು ಹೊಸಬರಿಗೆ ಅನಿಸುವುದಿಲ್ಲ. ಅದಕ್ಕೆ ಕಾರಣವಿದೆ. ಎರಡೂ ಸಂಸ್ಥೆಗಳು ತಮ್ಮ ನೌಕರರಿಗೆ ತಮ್ಮದೇ ವಸಾಹತು ಕಟ್ಟಿಕೊಂಡವು. ಕೈಗಾದವರ ಟೌನ್‌ಶಿಪ್ ಮಲ್ಲಾಪುರದಲ್ಲಿದೆ, ನೌಕಾಪಡೆಯವರ ವಸತಿ ಅರ್ಗಾ, ಅಮದಳ್ಳಿ ಕಡೆ ಇದೆ. ಶಾಲೆ, ಆಸ್ಪತ್ರೆ, ದಿನಸಿ ಅಂಗಡಿ ಎಲ್ಲವೂ ಕಾಂಪೌಂಡಿನೊಳಗೆ. ಸಾವಿರಾರು ಸಂಬಳದಾರರು ತಾಲ್ಲೂಕಿನಲ್ಲಿದ್ದರೂ ಅವರ ದಿನನಿತ್ಯದ ಖರ್ಚಿನ ಒಂದು ಪಾಲಷ್ಟೇ ಪೇಟೆಗೆ ತಲುಪುತ್ತದೆ.

ಹೊರಗೆ ಬಾಡಿಗೆಗೆ ಮನೆ ಹಿಡಿಯುವವರು ಹೆಚ್ಚಾಗಿ ವರ್ಗವಾಗಿ ಬರುವ ಸರ್ಕಾರಿ ನೌಕರರು ಮತ್ತು ಕಾಮಗಾರಿ ಗುತ್ತಿಗೆದಾರರ ಸಿಬ್ಬಂದಿ. ಗುತ್ತಿಗೆ ಮುಗಿದ ದಿನ ಆ ಬಾಡಿಗೆಯೂ ಮುಗಿಯುತ್ತದೆ. ನೌಕಾನೆಲೆಯನ್ನು ತೋರಿಸಿ ಬಾಡಿಗೆ ಆದಾಯದ ಆಸೆ ಹುಟ್ಟಿಸುವವರು ಈ ಮಾತನ್ನು ಹೇಳುವುದಿಲ್ಲ. ಇದೇ ನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುತ್ತಿದ್ದ ಕಡಲತೀರ ಬಿಟ್ಟು ಎದ್ದವು, ಪರಿಹಾರಕ್ಕಾಗಿ ದಶಕಗಳ ಕಾಲ ಅಲೆದವು. ಈ ಊರಿನ ಬೆಳವಣಿಗೆಯ ಲೆಕ್ಕ ಹಾಕುವವರು ಅವರನ್ನು ಹೊರಗಿಟ್ಟು ಲೆಕ್ಕ ಹಾಕುವುದು ನ್ಯಾಯವಲ್ಲವೆಂದು ನಾನು ನಂಬಿದ್ದೇನೆ.

ಗೋವಾದಂತಾಗುತ್ತದೆ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಬಿಣಗಾದಿಂದ ದಕ್ಷಿಣಕ್ಕೆ ಹೋದಂತೆ ಕಡಲತೀರದ ಉದ್ದನೆಯ ಭಾಗ ರಕ್ಷಣಾ ವಲಯ. ಉಳಿದ ನೆಲವಾದರೂ ಎಷ್ಟಿದೆ? ಕಾಳಿ ನದಿ, ಸಮುದ್ರ ಮತ್ತು ನೇರವಾಗಿ ಕಡಲಂಚಿಗೇ ಇಳಿದುಬರುವ ಗುಡ್ಡಗಳ ನಡುವೆ ಕೋಡಿಬಾಗದಿಂದ ಬೈತಖೋಲದವರೆಗಿನ ಒಂದು ಕಿರಿದಾದ ಪಟ್ಟಿಯಲ್ಲಿ ಊರು ಕುಳಿತಿದೆ. ಬೆಟ್ಟ ಕಡಿದು ಅಥವಾ ನದಿ ದಾಟಿಯೇ ಅದು ಬೆಳೆಯಬೇಕು. ಬೆಟ್ಟ ಕಡಿದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕಂಡೆವು. ನದಿ ದಾಟುವುದರ ಕಷ್ಟ ಸದಾಶಿವಗಡದವರಾದ ನಿಮಗೆ ಬೇರೆ ಹೇಳಬೇಕಿಲ್ಲ, ಅದೇ ವರ್ಷದ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದ ಬಳಿಕ ಎರಡೂ ದಿಕ್ಕಿನ ವಾಹನಗಳು ಒಂದೇ ಸೇತುವೆಯ ಮೇಲೆ ಸಾಗಬೇಕಾಯಿತು. ಕಾರವಾರದಲ್ಲಿ ಜಾಗದ ಬೆಲೆ ಹೆಚ್ಚಿದ್ದರೆ ಅದಕ್ಕೆ ಬೇಡಿಕೆಯಷ್ಟೇ ನೆಲದ ಕೊರತೆಯೂ ಕಾರಣ. ಕೊರತೆಯಿಂದ ಏರಿದ ಬೆಲೆಯನ್ನು ಊರಿನ ಏಳಿಗೆಯೆಂದು ಓದಬಾರದು.

ಹಾಗೆಂದು ಕಾರವಾರವನ್ನು ತೆಗೆದುಹಾಕುವಂತಿಲ್ಲ. 1998ರಿಂದ ಪೂರ್ಣವಾಗಿ ಓಡುತ್ತಿರುವ ಕೊಂಕಣ ರೈಲು ಶಿರವಾಡದಲ್ಲಿ ನಿಲ್ಲುತ್ತದೆ. ಮಡಗಾಂವ್ 70 ಕಿ.ಮೀ. ಒಳಗೆ. ದಾಬೋಲಿಂ ವಿಮಾನ ನಿಲ್ದಾಣ ಹತ್ತಿರದಲ್ಲಿದೆ, 2023ರ ಆರಂಭದಿಂದ ಮೋಪಾ ನಿಲ್ದಾಣವೂ ನಡೆಯುತ್ತಿದೆ. ತಿಂಗಳಿಗೊಮ್ಮೆ ಕಚೇರಿಗೆ ಮುಖ ತೋರಿಸಬೇಕಾದ ನಿಮ್ಮಂತಹವರಿಗೆ ಜಿಲ್ಲೆಯಲ್ಲಿ ಇದಕ್ಕಿಂತ ಅನುಕೂಲದ ಊರಿಲ್ಲ. ಮಗಳು ಮುಂದೆ ವೈದ್ಯಕೀಯವೋ ಎಂಜಿನಿಯರಿಂಗೋ ಓದುವುದಾದರೆ ಸರ್ಕಾರಿ ಕಾಲೇಜು ಊರಿನಲ್ಲೇ ಇದೆ.

ಇನ್ನು ಶಿರಸಿ. ಟಿಎಸ್‌ಎಸ್ ಎಂದು ಎಲ್ಲರೂ ಕರೆಯುವ, 1923ರಲ್ಲಿ ಸ್ಥಾಪನೆಯಾದ ತೋಟಗಾರರ ಸಹಕಾರಿ ಮಾರಾಟ ಸಂಘದ ಪ್ರಾಂಗಣಕ್ಕೆ ಸುಗ್ಗಿಯ ದಿನಗಳಲ್ಲಿ ಒಮ್ಮೆ ಹೋಗಿಬನ್ನಿ. ಬಾಯಿ ಬಿಚ್ಚಿದ ಚೀಲಗಳಲ್ಲಿ ಅಡಿಕೆಯ ಬಗೆಗಳಾದ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಬೇರೆಬೇರೆಯಾಗಿ ಸಾಲುಗಟ್ಟಿರುತ್ತವೆ. ವ್ಯಾಪಾರಿ ಒಂದು ಹಿಡಿ ಎತ್ತಿ ಬಣ್ಣ ನೋಡುತ್ತಾನೆ, ಒಂದನ್ನು ಕತ್ತರಿಸಿ ಒಳಗಿನ ಬಿಳುಪು ಪರೀಕ್ಷಿಸುತ್ತಾನೆ, ಟೆಂಡರಿನಲ್ಲಿ ದರ ಬರೆಯುತ್ತಾನೆ. ಮಾರಾಟದ ಹಣ ಸದಸ್ಯನ ಖಾತೆಗೆ ಜಮೆಯಾಗುತ್ತದೆ. ಅದೇ ಖಾತೆಯಿಂದ ಅವನ ಗೊಬ್ಬರ, ಮೈಲುತುತ್ತ, ಮನೆಯ ದಿನಸಿ, ಮಗಳ ಕಾಲೇಜಿನ ಶುಲ್ಕ ಹೊರಡುತ್ತವೆ. ಅಲ್ಲಿಂದ ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಪಂಪ್‌ಸೆಟ್ ರಿಪೇರಿಯವನು, ಔಷಧಿ ಅಂಗಡಿ. ಶಿರಸಿಯ ಹಣ ಶಿರಸಿಯಲ್ಲೇ ನಾಲ್ಕು ಕೈ ಬದಲಿಸುತ್ತದೆ. ರೈಲಿಲ್ಲದ, ದೊಡ್ಡ ಕಾರ್ಖಾನೆಯಿಲ್ಲದ, ಜಿಲ್ಲಾಕೇಂದ್ರವೂ ಅಲ್ಲದ ಊರು ಜಿಲ್ಲಾಕೇಂದ್ರಕ್ಕೆ ಸರಿಸಮನಾಗಿ ನಿಂತಿರುವುದು ಸುತ್ತಲಿನ ಹಳ್ಳಿಗಳಲ್ಲಿ ತಾನೇ ಬೆಳೆದ ಬೆಳೆಯ ಬಲದಿಂದ, ಅದನ್ನು ಮಾರಲು ತಾನೇ ಕಟ್ಟಿಕೊಂಡ ಸಹಕಾರಿ ಸಂಘಗಳ ಬಲದಿಂದ. ನನಗೆ ಈ ಊರಿನ ಬಗ್ಗೆ ಗೌರವ ಮೂಡುವುದು ಈ ಕಾರಣಕ್ಕೆ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ಭಕ್ತಿಯ ಜೊತೆಗೆ ಈ ಇಡೀ ಸೀಮೆಯ ವ್ಯಾಪಾರದ ಹಬ್ಬವೂ ಹೌದು.

ಆದರೆ ಈ ಬಲದಲ್ಲೇ ದೌರ್ಬಲ್ಯವೂ ಇದೆ, ಏಕೆಂದರೆ ಊರು ನಿಂತಿರುವುದು ಒಂದೇ ಬೆಳೆಯ ಮೇಲೆ. ಕೊಳೆರೋಗ ಮೊದಲಿನಿಂದಲೂ ಇತ್ತು, ಈಗ ಎಲೆಚುಕ್ಕಿ ರೋಗ ಸೇರಿಕೊಂಡಿದೆ. ಹೊರದೇಶದ ಅಡಿಕೆ ಒಳಬಂದಾಗಲೆಲ್ಲ ದರ ಅಲುಗಾಡುತ್ತದೆ. ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ವರ್ಗೀಕರಿಸಿದೆ, ಈ ವಿಷಯ ನ್ಯಾಯಾಲಯಗಳಲ್ಲಿ, ಸರ್ಕಾರದ ಕಡತಗಳಲ್ಲಿ ಮತ್ತೆಮತ್ತೆ ಏಳುತ್ತದೆ. ಅಡಿಕೆ ಕೊನೆ ಕೊಯ್ಯುವವರು ಸಿಗುವುದಿಲ್ಲ. ತೋಟದ ಮನೆಗಳಲ್ಲಿ ವಯಸ್ಸಾದವರಿಬ್ಬರೇ ಉಳಿದಿದ್ದಾರೆ. ನಿಮ್ಮ ಹೆಂಡತಿಯ ತವರಿನ ಸುತ್ತಮುತ್ತ ಇಂತಹ ಮನೆಗಳೆಷ್ಟಿವೆ ಎಂದು ಅವರನ್ನೇ ಕೇಳಿ. ಅಡಿಕೆಯ ದರ ಒಳ್ಳೆಯದಿದ್ದ ವರ್ಷಗಳಲ್ಲಿ ಶಿರಸಿಯ ಸೈಟಿನ ಬೆಲೆ ಏರುತ್ತದೆ, ದರ ಬಿದ್ದಾಗ ಮಾರಾಟವೇ ನಿಲ್ಲುತ್ತದೆ. ಒಂದೇ ಆಧಾರದ ಮೇಲೆ ನಿಂತ ಊರು ಏನಾಗಬಹುದೆಂಬುದಕ್ಕೆ ಜಿಲ್ಲೆಯಲ್ಲೇ ದಾಂಡೇಲಿ ಇದೆ. ಫೆರೋ ಅಲಾಯ್ಸ್, ಪ್ಲೈವುಡ್ ಕಾರ್ಖಾನೆಗಳು ಮುಚ್ಚಿದ ಮೇಲೆ ಕಾಗದದ ಕಾರ್ಖಾನೆಯೊಂದನ್ನೇ ನೆಚ್ಚಿಕೊಂಡ ಆ ಊರು ಈಗ ಕಾಳಿಯ ರಾಫ್ಟಿಂಗ್, ಕಾಡಿನ ರೆಸಾರ್ಟುಗಳಿಂದ ಇನ್ನೊಂದು ಆದಾಯ ಹುಡುಕಿಕೊಳ್ಳುತ್ತಿದೆ.

ಶಿರಸಿ ಜಿಲ್ಲಾಕೇಂದ್ರವಾಗುವ ಮಾತು ಹಳೆಯದು. ಘಟ್ಟದ ಮೇಲಿನ ತಾಲ್ಲೂಕುಗಳ ಜನ ಒಂದು ಸಹಿಗಾಗಿ ಕಾರವಾರದವರೆಗೆ ಹೋಗಬೇಕಾಗುವುದು ನಿಜವಾದ ಕಷ್ಟ, ಆ ಬೇಡಿಕೆಯಲ್ಲಿ ನ್ಯಾಯವಿದೆ. ಶಿರಸಿ ಈಗಾಗಲೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ, ಉಪವಿಭಾಗದ ಕೇಂದ್ರ, ತನ್ನದೇ ಆರ್‌ಟಿಒ ಇರುವ ಊರು. ಆದರೆ ಸರ್ಕಾರ ಆದೇಶ ಹೊರಡಿಸುವವರೆಗೆ ಅದನ್ನು ಸೈಟಿನ ಬೆಲೆಯಲ್ಲಿ ಸೇರಿಸಿ ಕೊಡಬೇಕಾದ ಅಗತ್ಯವಿಲ್ಲ.

ನಿಮ್ಮ ಮಾವನವರ ಸಲಹೆಯಲ್ಲೂ ಅರ್ಥವಿದೆ. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಬೆಂಗಳೂರಿನ ಹೊರತಾಗಿ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರುಗಳಿಗೆ ಹಣ ಬಂತು, ನಮ್ಮ ಜಿಲ್ಲೆಯ ಯಾವ ಊರಿಗೂ ಬರಲಿಲ್ಲ. 2011ರಲ್ಲೇ ಒಂಬತ್ತು ಲಕ್ಷ ದಾಟಿದ್ದ ಹುಬ್ಬಳ್ಳಿ–ಧಾರವಾಡಕ್ಕೆ ರೈಲು ಜಂಕ್ಷನ್, ವಿಮಾನ, ದೊಡ್ಡ ಆಸ್ಪತ್ರೆಗಳು, 2016ರಿಂದ ಐಐಟಿ ಇವೆ. ಶಿವಮೊಗ್ಗದ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಕೇವಲ ಹಣ ಹೂಡುವುದಾದರೆ, ಕೊಂಡದ್ದನ್ನು ಬೇಕಾದಾಗ ಮಾರುವ ಅನುಕೂಲ ಅಲ್ಲಿ ಹೆಚ್ಚು. ಆದರೆ ನಿಮ್ಮ ಪತ್ರವನ್ನು ಓದಿದಾಗ ನೀವು ಹುಡುಕುತ್ತಿರುವುದು ಹೂಡಿಕೆಯನ್ನಲ್ಲ ಎಂದು ನನಗನಿಸಿತು. ಹುಬ್ಬಳ್ಳಿಯಲ್ಲಿ ನಿಮ್ಮ ತಂದೆಗೆ ಮಾತನಾಡಿಸುವ ನೆರೆಯವರಿಲ್ಲ, ಪ್ರತಿದಿನ ಮೀನು ತರುವವರಿಲ್ಲ, ಅಲ್ಲಿನ ಹಲವು ಬಡಾವಣೆಗಳಿಗೆ ನಲ್ಲಿ ನೀರು ದಿನವೂ ಬರುವುದಿಲ್ಲ. ಎಪ್ಪತ್ತು ದಾಟಿದವರನ್ನು ಬೇರೆ ನೆಲಕ್ಕೆ ಕರೆದೊಯ್ಯುವುದಾದರೆ ಬೆಂಗಳೂರಿನ ಮನೆಗೇ ಕರೆದೊಯ್ಯಬಹುದಾಗಿತ್ತು.

ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ್ದು ತಂದೆಯವರ ಹೃದಯದ ತೊಂದರೆಯ ಬಗ್ಗೆ. ಈ ಜಿಲ್ಲೆಯ ದೊಡ್ಡ ಕೊರತೆ ರೈಲಲ್ಲ, ವಿಮಾನವಲ್ಲ, ಆಸ್ಪತ್ರೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಶಿರಸಿ, ಕುಮಟಾಗಳಲ್ಲಿ ಒಳ್ಳೆಯ ವೈದ್ಯರಿದ್ದಾರೆ, ಆದರೂ ಹೃದಯ ಶಸ್ತ್ರಚಿಕಿತ್ಸೆಯಂತಹ ದೊಡ್ಡ ಚಿಕಿತ್ಸೆಗೆ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾಗಳ ದಾರಿ ಹಿಡಿಯುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಹತ್ತಿರದ ಶಿರೂರು ಟೋಲ್‌ನಲ್ಲಿ ಮಗುಚಿ ಜೀವಗಳು ಹೋದ ನಂತರ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮನೆಮನೆಯಿಂದ ಎದ್ದದ್ದು ನಿಮಗೆ ನೆನಪಿರಬಹುದು.

ಹಾಗಾಗಿ ಎರಡೂ ಊರುಗಳನ್ನು ಬೇಸಿಗೆಯ ದಿನ ಕಿಲೋಮೀಟರಿನಲ್ಲಿ ಅಳೆಯಬೇಡಿ, ಆಷಾಢದ ಮಳೆಯ ರಾತ್ರಿ ಎಷ್ಟು ಗಂಟೆ ಬೇಕು ಎಂದು ಅಳೆಯಿರಿ. ಶಿರಸಿಯಿಂದ ಮುಂಡಗೋಡದ ಮೂಲಕ ಹುಬ್ಬಳ್ಳಿ ಸುಮಾರು 100 ಕಿ.ಮೀ. ದೂರ. ನಡುವೆ ಘಟ್ಟವಿಲ್ಲ, ಗುಡ್ಡ ಕುಸಿದು ದಾರಿ ಮುಚ್ಚುವ ಭಯ ಕಡಿಮೆ. ಕಾರವಾರದಿಂದ ಹುಬ್ಬಳ್ಳಿಗೆ ಹೋಗಲು ಅರಬೈಲು ಘಟ್ಟ ಹತ್ತಬೇಕು, ಮಣಿಪಾಲ 200 ಕಿ.ಮೀ.ಗಿಂತ ದೂರ. ಗೋವಾದ ಬಾಂಬೋಳಿಯ ಸರ್ಕಾರಿ ಆಸ್ಪತ್ರೆ 100 ಕಿ.ಮೀ. ಒಳಗಿದೆ, ನಮ್ಮ ಜನ ಅದನ್ನು ಬಹಳ ನೆಚ್ಚಿಕೊಂಡಿದ್ದಾರೆ, ಆದರೆ ಹೊರರಾಜ್ಯದವರಿಗೆ ಅಲ್ಲಿ ಶುಲ್ಕವಿದೆ. ಈ ಒಂದು ಲೆಕ್ಕದಲ್ಲಿ ಶಿರಸಿ ಕಾರವಾರಕ್ಕಿಂತ ಸುರಕ್ಷಿತವೆಂಬುದು ನನ್ನ ಅಭಿಪ್ರಾಯ, ಹೊರಗಿನವರು ನಂಬುವುದು ಇದಕ್ಕೆ ತದ್ವಿರುದ್ಧ. ಶಿರಸಿಯಿಂದ ಕರಾವಳಿಗೆ ಇಳಿಯುವ ದೇವಿಮನೆ ಘಟ್ಟದ ರಸ್ತೆಯ ಕಾಮಗಾರಿ, ಅದರ ಮಳೆಗಾಲದ ಸಂಚಾರ ನಿಷೇಧ ನಿಮ್ಮ ಕುಟುಂಬದ ಎರಡು ಮನೆಗಳ ನಡುವಿನ ಓಡಾಟಕ್ಕೆ ತೊಡಕಾಗುತ್ತದೆ, ಹುಬ್ಬಳ್ಳಿಯ ಆಸ್ಪತ್ರೆಯ ದಾರಿಗೆ ಆಗುವುದಿಲ್ಲ. ನೀವು ಹೆಸರಿಸದ ಕುಮಟಾವನ್ನೂ ಒಮ್ಮೆ ನೋಡಿ ಎನ್ನುತ್ತೇನೆ. ರೈಲು ಮತ್ತು ರಾಷ್ಟ್ರೀಯ ಹೆದ್ದಾರಿ ಎರಡೂ ಅಲ್ಲಿವೆ, ಮಣಿಪಾಲ 150 ಕಿ.ಮೀ. ಒಳಗೆ, ಸದಾಶಿವಗಡ ಮತ್ತು ಶಿರಸಿ ಎರಡಕ್ಕೂ ಅರ್ಧ ದಿನದೊಳಗೆ ಹೋಗಿ ಬರಬಹುದು.

ಜಾಗ ಕೊಳ್ಳುವ ಅಪಾಯಗಳು ಘಟ್ಟದ ಮೇಲೆ ಒಂದು ಬಗೆ, ಕೆಳಗೆ ಇನ್ನೊಂದು ಬಗೆ. ಶಿರಸಿಯಲ್ಲಿ ಕಡಿಮೆ ಬೆಲೆಗೆ ಸಿಗುವ, ನೋಡಲು ಬಲು ಚೆಂದದ ಇಳಿಜಾರು ಜಾಗ ಎಷ್ಟೋ ಸಲ ಬೆಟ್ಟ ಭೂಮಿಯಾಗಿರುತ್ತದೆ. ಅಡಿಕೆ ತೋಟದವರಿಗೆ ಸೊಪ್ಪು, ದರಕು (ಒಣ ಎಲೆ) ತರಲು ಕೊಟ್ಟ ಸೌಲಭ್ಯ ಅದು, ಮಾಲೀಕತ್ವವಲ್ಲ. ಅಲ್ಲಿ ಮನೆ ಕಟ್ಟುವಂತಿಲ್ಲ, ಅದನ್ನು ಮಾರುವಂತೆಯೂ ಇಲ್ಲ. ಒಮ್ಮೆ ನನ್ನ ಮುಂದೆ ಬಂದ ಕಡತವೊಂದರಲ್ಲಿ ಮೂರು ಗುಂಟೆಯಷ್ಟೇ ಬಾಗಾಯ್ತ (ತೋಟದ) ಜಮೀನು, ಮನೆಯ ಅಡಿಪಾಯ ಎದ್ದಿದ್ದ ಉಳಿದ ಭಾಗವೆಲ್ಲ ಸರ್ವೆ ನಕ್ಷೆಯ ಪ್ರಕಾರ ಬೆಟ್ಟ; ಕೊಂಡವರು ಪಹಣಿಯ ಮೊದಲ ಕಾಲಮ್ಮುಗಳನ್ನಷ್ಟೇ ಓದಿದ್ದರು, ನಕ್ಷೆಯನ್ನು ನೆಲದ ಮೇಲೆ ಅಳೆಸಿರಲಿಲ್ಲ. ಅರಣ್ಯ ಅತಿಕ್ರಮಣದ ಜಾಗವನ್ನು ಛಾಪಾ ಕಾಗದದ ಮೇಲೆ ಬರೆದುಕೊಡುವವರೂ ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೂ ಆ ಜಾಗ ವಾರಸುದಾರರಿಗೆ ಹೋಗಬಹುದೇ ಹೊರತು ಮಾರಾಟವಾಗುವಂತಿಲ್ಲ. ಕರಾವಳಿಯಲ್ಲಿ ನೋಡಬೇಕಾದದ್ದು 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಸಿಆರ್‌ಝಡ್. ಜನವಸತಿ ವಿರಳವಾಗಿರುವ ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಜನವಸತಿ ದಟ್ಟವಾಗಿದ್ದರೆ ಆ ಮಿತಿ 50 ಮೀಟರ್. ಪಟ್ಟಣದೊಳಗೆ ಈಗಿರುವ ರಸ್ತೆ ಅಥವಾ ಕಟ್ಟಡದ ಸಾಲಿನಿಂದ ಭೂಮಿಯ ಕಡೆಗೆ ಮಾತ್ರ ಕಟ್ಟಬಹುದು. ಸಿಆರ್‌ಝಡ್ ನಿರ್ಬಂಧ ಸಮುದ್ರಕ್ಕಷ್ಟೇ ಅನ್ವಯವಲ್ಲ, ದೂರದ ಮಿತಿ ಬೇರೆಯಾದರೂ ಉಬ್ಬರದ ಉಪ್ಪುನೀರು ಏರುವ ಕಾಳಿಯ ದಂಡೆಗೂ ಇದೆ. ಸಾಲದ್ದಕ್ಕೆ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ 2019ರಲ್ಲಿ ಕಾಳಿಯ ದಂಡೆಯ ಊರುಗಳು ಮುಳುಗಿದ್ದನ್ನು ನೆನಪಿಟ್ಟುಕೊಂಡೇ ನದಿಯ ನೋಟವಿರುವ ಜಾಗಕ್ಕೆ ಬೆಲೆ ಕಟ್ಟಬೇಕು.

ಎರಡೂ ಕಡೆ ಪಹಣಿ, ಮ್ಯುಟೇಶನ್, ಋಣಭಾರ ಪತ್ರ, 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ), ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ಬಡಾವಣೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇವೆಯೇ ಎಂದು ನೋಡಿ, ತಹಶೀಲ್ದಾರರ ಕಚೇರಿ ಬಲ್ಲ ಸ್ಥಳೀಯ ವಕೀಲರೊಬ್ಬರಿಗೆ ತೋರಿಸಿ. ಬಾವಿಯ ನೀರನ್ನು ಏಪ್ರಿಲ್–ಮೇ ತಿಂಗಳಲ್ಲೇ ನೋಡಿ. ಕಡಲ ಬದಿಯಲ್ಲಿ ಆಗ ಉಪ್ಪಾಗುವ ಬಾವಿಗಳಿವೆ, ಶಿರಸಿ ಪಟ್ಟಣಕ್ಕೆ ನೀರು ಕೊಡುವ ಕೆಂಗ್ರೆ, ಮಾರಿಗದ್ದೆಗಳ ನೀರು ಇಳಿಯುವುದೂ ಆಗಲೇ.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಒತ್ತಾಯಿಸಿ ಹೇಳುವುದು ಒಂದನ್ನೇ: ಕೊಳ್ಳುವ ಮೊದಲು ಒಂದು ಪೂರ್ತಿ ಮಳೆಗಾಲವನ್ನು ಬಾಡಿಗೆ ಮನೆಯಲ್ಲಿ ಕಳೆಯಿರಿ. ನಿಮ್ಮಿಬ್ಬರ ಸಂಬಳ ನಿಂತಿರುವುದು ವಿದ್ಯುತ್ತು ಮತ್ತು ಇಂಟರ್‌ನೆಟ್ಟಿನ ಮೇಲೆ. ಮರ ಬಿದ್ದು ಹೆಸ್ಕಾಂ ತಂತಿ ಹರಿದಾಗ ಎಷ್ಟು ಹೊತ್ತಿಗೆ ಸರಿಯಾಗುತ್ತದೆ, ಆ ಹೊತ್ತಿನಲ್ಲಿ ಟವರ್ ಕೆಲಸ ಮಾಡುತ್ತದೆಯೇ ಎಂಬುದು ಶಿರಸಿ ಪೇಟೆಯಲ್ಲಿ ಒಂದು ಥರ, ಎಂಟು ಕಿ.ಮೀ. ಆಚೆಯ ತೋಟದ ಮನೆಯಲ್ಲಿ ಇನ್ನೊಂದು ಥರ. ಮನೆಯಿಂದ ಕೆಲಸ ಎಂಬ ಅನುಮತಿಯನ್ನು ಕಂಪನಿ ನಾಳೆ ಹಿಂದಕ್ಕೆ ಪಡೆಯಬಹುದು ಎಂಬುದನ್ನೂ ಮರೆಯಬೇಡಿ. ಅದು ಆದರೆ ಎರಡೂ ಊರುಗಳಲ್ಲಿ ನಿಮ್ಮ ಈಗಿನ ಸಂಬಳದ ಕೆಲಸ ಸಿಗುವುದು ಕಷ್ಟ. ಆದ್ದರಿಂದ ಬೆಂಗಳೂರಿನಲ್ಲಿ ಸ್ವಂತ ಮನೆಯಿದ್ದರೆ ಮಾರಬೇಡಿ, ಬಾಡಿಗೆಗೆ ಕೊಡಿ. ಸದಾಶಿವಗಡದಲ್ಲಿ ಹಿರಿಯರ ಮನೆ ಇರುವುದಾದರೆ ಅದನ್ನು ಗಟ್ಟಿ ಮಾಡಿಸುವುದು ಕಾರವಾರದಲ್ಲಿ ಹೊಸ ಸೈಟು ಕೊಳ್ಳುವುದಕ್ಕಿಂತ ಮೇಲು, ಖರ್ಚೂ ಕಡಿಮೆ. ಆ ಮನೆ ಇಲ್ಲದಿದ್ದರೆ, ಮತ್ತು ತಂದೆ ಘಟ್ಟ ಹತ್ತಲು ಒಪ್ಪಿದರೆ, ನಾನು ಶಿರಸಿ ಪೇಟೆಯೊಳಗೆ ಅಥವಾ ಹುಬ್ಬಳ್ಳಿ ರಸ್ತೆಯ ಕಡೆ ಹುಡುಕಿ ಎನ್ನುತ್ತೇನೆ. ಒಪ್ಪದಿದ್ದರೆ ಒತ್ತಾಯ ಬೇಡ. ಕಡಲಿನ ಪಕ್ಕದಲ್ಲಿ ಹುಟ್ಟಿ ಬೆಳೆದವರಿಗೆ ಶಿರಸಿಯ ಚಳಿ, ಬಿಡದ ಜಡಿಮಳೆ ಸುಲಭವಲ್ಲ.

ಇನ್ನು ರೈಲು ಮತ್ತು ವಿಮಾನ. ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದ ಕೊನೆಯಿಂದಲೂ ಇರುವ ಯೋಜನೆ. ಪಶ್ಚಿಮ ಘಟ್ಟದ ದಟ್ಟ ಕಾಡನ್ನು ಸೀಳಿ ಹೋಗಬೇಕಾದ್ದರಿಂದ ಅರಣ್ಯ, ವನ್ಯಜೀವಿ ಅನುಮತಿ ಮತ್ತು ನ್ಯಾಯಾಲಯದ ನಡುವೆ ಅದು ಸಿಕ್ಕಿಕೊಂಡಿತು. ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆಯ ಜೊತೆ ನಾಗರಿಕ ಟರ್ಮಿನಲ್ ಕಟ್ಟಲು ಭೂಸ್ವಾಧೀನ ನಡೆದಿದೆ, ಆದರೆ ಅಲ್ಲಿಂದ ವಿಮಾನ ಹಾರುವ ದಿನಕ್ಕೆ ನಿಮ್ಮ ಮಗಳು ಯಾವ ತರಗತಿಯಲ್ಲಿರುತ್ತಾಳೆಂದು ಯಾರೂ ಹೇಳಲಾರರು. ಎರಡು ದಶಕಗಳ ಹಿಂದೆ ಇದೇ ರೈಲಿನ ಹೆಸರಿನಲ್ಲಿ ಅಂಕೋಲಾ, ಯಲ್ಲಾಪುರ ಕಡೆ ಜಾಗ ಕೊಂಡವರು ಇನ್ನೂ ಕಾಯುತ್ತಿದ್ದಾರೆ. ಈಗಲೇ ಕೊಳ್ಳಿ ಎಂದು ಅವಸರಿಸುವವರಿಂದ ಒಂದೇ ಒಂದು ಮಾಹಿತಿ ಕೇಳಿ: ಅದೇ ಸರ್ವೆ ನಂಬರಿನಲ್ಲಿ ಅಥವಾ ಪಕ್ಕದಲ್ಲಿ ಕಳೆದ ಎರಡು ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರದ ದರ ಎಷ್ಟು? ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಇವೆರಡಕ್ಕೂ ಹೊಂದದಷ್ಟು ಬೆಲೆ ಹೇಳಿದರೆ, ಆ ಹೆಚ್ಚುವರಿ ಹಣ ಇನ್ನೂ ಬಾರದ ರೈಲಿನ ಟಿಕೆಟ್ಟಿಗೆಂದು ತಿಳಿದು ಎದ್ದು ಬನ್ನಿ.